ಅವ್ವನ ಗಡ್ಡೆ ಹುಟ್ಟಿದ ಜಾಗ

ಚಳ್ಳಕೆರೆ
16 ಫೆಬ್ರವರಿ 2025

ಪ್ರೀತಿಯ ಶೃತಿ,

ನೀನು ಮೂರು ಸಲ ಮೆಸೇಜ್ ಹಾಕಿದರೂ ಉತ್ತರಿಸಲಿಲ್ಲ, ಬೈದುಕೊಂಡಿರುತ್ತೀ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಹಾಸ್ಟೆಲ್ ಬಿಟ್ಟ ಮೇಲೆ ಮೊದಲ ಸಲ ಕಾಗದ ಹಿಡಿದಿದ್ದೇನೆ. ನೀನು, ನಿನ್ನ ಮಗಳು ಆರಾಮಿದ್ದೀರಿ ತಾನೆ?

ನಿಮ್ಮ ಲ್ಯಾಬಿನ ವರದಿ ಬಂತು. ಗಡ್ಡೆಯ ಚೂರಿನಲ್ಲಿ ಯಾವ ಜೀನುಗಳು ಚುರುಕಾಗಿವೆ, ಯಾವುವು ಸುಮ್ಮನಿವೆ ಎಂದು ನೋಡಿದರೆ ಅದು ಮೊದಲು ಹುಟ್ಟಿದ ಜಾಗ ತಿಳಿಯಬಹುದು ಎಂದಿದ್ದೆಯಲ್ಲ, ಹಾಗೇ ಆಯಿತು. ಅವ್ವನ ಕ್ಯಾನ್ಸರ್ ಲಿವರ್‌ನದಲ್ಲ, ಸ್ತನದಿಂದ ಅಲ್ಲಿಗೆ ಹೋದದ್ದು. ಡಾಕ್ಟರು ಔಷಧಿ ಬದಲಿಸಿದ್ದಾರೆ. ಈಗ ಎರಡು ತುತ್ತು ಮುದ್ದೆ ಸೇರುತ್ತಿದೆ.

ಆದರೆ ನಮ್ಮ ದೊಡ್ಡಪ್ಪ ತಿಪ್ಪಯ್ಯ ಎಂಟು ತಿಂಗಳಿಂದ ಹೇಳಿಕೊಂಡು ತಿರುಗಿದ್ದೇನು ಗೊತ್ತೆ? "ಗಂಡ ಸತ್ತೋಳು, ಕದ್ದು ಕುಡ್ದು ಲಿವರ್ ಸುಟ್ಕೊಂಡವ್ಳೆ." ಎಣ್ಣೆ ಮಿಲ್ಲಿನಲ್ಲಿ ಜೊತೆಗೆ ಶೇಂಗಾ ಆರಿಸುತ್ತಿದ್ದ ಹೆಂಗಸರೂ ಅವಳ ಪಕ್ಕ ಕೂರುವುದು ಬಿಟ್ಟರು. ಮೊನ್ನೆ ಶುಕ್ರವಾರ ರಾಂಪುರದ ದೊಡ್ಡಪ್ಪನ ಮನೆಯಲ್ಲಿ ಅವನ ಮಗಳು ದೀಪಿಕಾಳ ನಿಶ್ಚಿತಾರ್ಥ. ಅವ್ವನನ್ನು ಕರೆದಿರಲಿಲ್ಲ. ನಾನು ಹೋದೆ, ವರದಿ ಹಿಡಿದು.

ತಾಂಬೂಲ ಬದಲಿಸುವ ಮುಂಚೆ, "ದೊಡ್ಡಪ್ಪ, ನೀವೇ ಓದ್ರಿ" ಎಂದೆ. "ಆಮೇಲೆ ನೋಡಾಣ" ಎಂದ. ನಾನೇ ಗಟ್ಟಿಯಾಗಿ ಓದಿದೆ, ಒಂದು ಸಾಲೂ ಬಿಡದೆ.

ಬಿ.ಜಿ. ಕೆರೆಯಿಂದ ಬಂದಿದ್ದ ಹುಡುಗನ ಅಜ್ಜಿ ಬೋರಕ್ಕ, "ಅಂಗಾರೆ ಕುಡೀತಿದ್ಳು ಅಂದಿದ್ದು ಸುಳ್ಳಾ?" ಎಂದರು.

"ಸುಳ್ಳಜ್ಜಿ. ಈ ಮನೇಲಿ ಕುಡಿಯೋರು ಯಾರು ಅಂತ ತಿಳ್ಕಬೇಕಂದ್ರೆ ಆ ಬೀರು ಬಾಗ್ಲು ತೆಗೆಸ್ರಿ."

ದೊಡ್ಡಪ್ಪ ಹೋಗಿ ಬೀರುವಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ತೆಗೆಯುವ ಅಗತ್ಯವೇ ಬೀಳಲಿಲ್ಲ. ಹುಡುಗನ ಕಡೆಯವರು ತಂದಿದ್ದ ಸೀರೆ, ಹಣ್ಣಿನ ತಟ್ಟೆ ಎತ್ತಿಕೊಂಡು ಹೊರಟರು. ದೊಡ್ಡಪ್ಪನ ಮುಖ ನೀನು ನೋಡಬೇಕಿತ್ತು, ಶೃತಿ. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಹೊಟ್ಟೆ ತಣ್ಣಗಾಯಿತು.

ದೀಪಿಕಾ ಮಾತ್ರ ಬಾಗಿಲವರೆಗೆ ಬಂದು ಕೈ ಹಿಡಿದು, "ನಾನೇನ್ ಮಾಡಿದ್ದೆ ಅಕ್ಕಾ?" ಎಂದಳು. ಕೈ ಬಿಡಿಸಿಕೊಂಡು ಬಸ್ಸು ಹತ್ತಿದೆ. ಪಶ್ಚಾತ್ತಾಪವಿಲ್ಲ. ಮತ್ತೆ ಅವಕಾಶ ಸಿಕ್ಕರೆ ಮತ್ತೆ ಓದುತ್ತೇನೆ, ಇನ್ನೂ ಗಟ್ಟಿಯಾಗಿ.

ಆ ಚೂರನ್ನು ಪರೀಕ್ಷಿಸಿದ ನಿನ್ನ ಕೈಗಳು ನೂರು ವರ್ಷ ಗಟ್ಟಿಯಾಗಿರಲಿ. ಮಗಳಿಗೆ ನನ್ನದೊಂದು ಮುತ್ತು.

ನಿನ್ನ,
ಸ್ವಪ್ನ

ತಾ.ಕ.: ವರದಿ ಬಂದ ದಿನ ಅವ್ವನಿಗೆ ಓದಿ ಹೇಳಿದೆ. "ಇನ್ಮ್ಯಾಲೆ ನನ್ ಬಾಯಿ ಮೂಸಲ್ಲ ಅಲ್ಲೇನವ್ವಾ?" ಎಂದಳು. ಆಸ್ಪತ್ರೆಗೆ ಸೇರಿಸಿದ ವಾರ, ಅವಳಿಗೆ ನಿದ್ದೆ ಹತ್ತಿದೆ ಅಂದುಕೊಂಡು, ನಾನೇ ಒಮ್ಮೆ ಅವಳ ಬಾಯಿ ಮೂಸಿ ನೋಡಿದ್ದೆ.