ಹುಬ್ಬಿನ ಮೇಲಿನ ಕುಂಕುಮ

ಹಡಪಸರ, ಪುಣೆ
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಧು ಅಣ್ಣ,

ನಮಸ್ಕಾರ. ದೀಪಾಳ ಫೋಟೋ ಎಲ್ಲಿಗೆ ಬಂತು ಎಂದು ನೀನು ಮೂರು ಸಲ ಫೋನಿನಲ್ಲಿ ಕೇಳಿದೆ. ಮೂರು ಸಲವೂ ನಾನು ಮಾತು ಮರೆಸಿದೆ. ಸಿಟ್ಟಾಗಬೇಡ. ಅದು ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಈ ಕಾಗದ. ಮೊದಲು ನೀನೊಬ್ಬನೇ ಓದು. ಅಂಬಾ ವೈನಿಗೆ ಆಮೇಲೆ ಗಂಡನಾದ ನೀನೇ ಹೇಳು.

ನನ್ನ ಫೋಟೋಗ್ರಫಿ ಕ್ಲಾಸು ಚೆನ್ನಾಗಿ ನಡೆದಿದೆ. ಹಿಂದಿನ ಎಂ.ಎ.ಯಲ್ಲಿ ಕವಿತೆ ಬಿಡಿಸುತ್ತಿದ್ದವಳು ಈಗ ನಲವತ್ತೆಂಟನೆಯ ವಯಸ್ಸಿನಲ್ಲಿ ಕತ್ತಲೆಯಲ್ಲಿ ಕೂತು ಫಿಲ್ಮಿನ ಸುರುಳಿ ಬಿಡಿಸುತ್ತೇನೆ. ಈ ಮೊಬೈಲಿನ ಕಾಲದಲ್ಲೂ ನಮ್ಮ ವಿಶ್ವವಿದ್ಯಾಲಯದಲ್ಲಿ ಮೊದಲ ಆರು ತಿಂಗಳು ಫಿಲ್ಮು, ಕೆಂಪು ದೀಪ, ಔಷಧದ ತಟ್ಟೆಗಳೇ. ಮೊದಲ ವಾರ ಇಲ್ಲಿನ ಒಂದು ಕಿರಾಣಿ ಅಂಗಡಿಯ ಫೋಟೋ ಮಾಡಿದೆ. ಬೋರ್ಡಿನ ಮರಾಠಿ ಅಕ್ಷರಗಳೆಲ್ಲ ಉಲ್ಟಾ ಬಂದವು. ಬೆಂಗಳೂರಿನ ಇಂಪನಾ ಎಂಬ ಸಹಪಾಠಿ, ನನಗೆ ಮಗಳಾಗುವ ವಯಸ್ಸಿನವಳು, “ಆಂಟಿ, ಇದನ್ನ ಓದೋಕೆ ಗಿರಾಕಿಗಳು ಕನ್ನಡಿ ಹಿಡ್ಕೊಂಡು ಬರ್ಬೇಕು” ಎಂದು ನಕ್ಕಳು.

ಲ್ಯಾಬ್ ನೋಡಿಕೊಳ್ಳುವ ಜಟ್ಟೆಪ್ಪ ನಮ್ಮ ಕಡೆಯವರೇ. ಹಿಂದೆ ಸೊಲ್ಲಾಪುರದಲ್ಲಿ ಸ್ಟುಡಿಯೋ ಇಟ್ಟಿದ್ದರಂತೆ. “ಬಾಯಾರ, ನೆಗೆಟಿವ್‌ಗೆ ಎರಡು ಬದಿ ಇರ್ತಾವ. ಹೊಳಪಿಂದು ಮ್ಯಾಲ ಇಡಬೇಕು, ಮಬ್ಬಿಂದು ಕೆಳಗ. ತಪ್ಪಿದ್ರ ಎಡದಾಂವ ಬಲಕ್ಕ ಹೋಗ್ತಾನ. ಒಂದು ಮದುವಿ ಫೋಟೋದ ಕೆಳಗ ಹೆಸರು ಬರದು ಕೊಟ್ಟಿದ್ನಿ, ಗಂಡನ ಹೆಸರು ಮೈದುನಗ ಹೋಗಿತ್ರಿ!” ಎಂದರು. ಅವತ್ತು ನಾನೂ ನಕ್ಕಿದ್ದೆ.

ಅವ್ವನ ಟ್ರಂಕಿನಲ್ಲಿ ಸಿಕ್ಕಿತೆಂದು ನೀನು ಕಳಿಸಿದ ನೆಗೆಟಿವನ್ನು ಹೋದ ತಿಂಗಳು ಅವರಿಗೆ ತೋರಿಸಿದೆ. ಗೋಡೆಯ ಫೋಟೋ ಮಾಸಿದೆ, ಅವ್ವನ ವರ್ಷಾಂತಿಕಕ್ಕೆ ಅವಳ ಪಕ್ಕದಲ್ಲಿ ಹಾಕಲು ದೀಪಾಳದ್ದು ಹೊಸದು ಬೇಕು ಎಂದಿದ್ದೆಯಲ್ಲ. ನೆಗೆಟಿವಿನ ಅರ್ಧಕ್ಕೆ ಕೆಂಪು ಬಣ್ಣ ಬಳಿದಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ದೀಪಾ ಕಾಮಾಲೆಯಿಂದ ಹೋದಾಗ ಅವಳಿಗೂ ನನಗೂ ಆರು ವರ್ಷ. ಅವಳಿಗಳಾದ ನಾವಿಬ್ಬರೂ ಜೊತೆಗೆ ನಿಂತ ಆ ಒಂದೇ ಫೋಟೋ ಮನೆಯಲ್ಲಿತ್ತು. ಬದುಕಿರುವವಳ ಮುಖ ಹಾರದೊಳಗೆ ಇರಬಾರದೆಂದು ಅವ್ವ ಸ್ಟುಡಿಯೋಕ್ಕೆ ಹೋಗಿ, “ಎಡಕ್ಕಿದ್ದಾಕೀನ ತಗೀರಿ” ಎಂದು ಫೋಟೋದಿಂದ ನನ್ನನ್ನು ಅಳಿಸಿಹಾಕಿಸಿದಳು. ಅವತ್ತು ಅವಳ ಸೆರಗು ಹಿಡಿದು ನಿಂತಿದ್ದ ನೀನೇ ನನಗೆ ಇದನ್ನು ಹೇಳಿದವನು.

ಗೋಡೆಯ ಫೋಟೋದಲ್ಲಿ ಹುಡುಗಿಯ ಭುಜದ ಮೇಲೆ ಕೈಯ ಆಕಾರದ ಬಿಳಿ ಕಲೆ ಇದೆಯಲ್ಲ? ಚಿಕ್ಕಂದಿನಲ್ಲಿ ಕೇಳಿದಾಗ ಅವ್ವ, “ಅದು ದೇವರ ಕೈ” ಎಂದಿದ್ದಳು. ಆ ಕೈ ನನ್ನನ್ನೂ ಹುಡುಕಿಕೊಂಡು ಬಂದೀತೆಂದು ಎಷ್ಟೋ ವರ್ಷ ಬೇಸಿಗೆಯಲ್ಲೂ ಭುಜ ಮುಚ್ಚಿಕೊಂಡು ಮಲಗಿದೆ.

ಜಟ್ಟೆಪ್ಪ ನೆಗೆಟಿವನ್ನು ಬೆಳಕಿಗೆ ಹಿಡಿದರು. “ಇದು ನೀರಾಗ ಬಿಡೋ ಬಣ್ಣರೀ. ಹಚ್ಚಿದಷ್ಟು ಜಾಗ ಫೋಟೋದಾಗ ಬಿಳೀ ಬರ್ತದ, ಯಾರನ್ನರ ಅಳಸಾಕ ನಾವೂ ಇದನ್ನ ಹಚ್ತಿದ್ವಿ. ಹತ್ತಿ ಅದ್ದಿ ಮೆಲ್ಲಕ ಒರಸ್ರಿ, ಒಳಗಿದ್ದವರು ಎದ್ದು ಬರ್ತಾರ.”

ನನ್ನ ಬಾಲ್ಯದ ಒಂದೇ ಒಂದು ಚಿತ್ರವೂ ನನ್ನ ಬಳಿ ಇಲ್ಲ. ನನ್ನನ್ನು ನೋಡುವ ಆಸೆಯಿಂದಲೇ ಒರೆಸಲು ಕೂತೆ. ಹೊಳಪಿನ ಬದಿ ಮೇಲೆ ಮಾಡಿ ನೋಡಿದರೆ ಬಣ್ಣ ಬಲಕ್ಕಿತ್ತು. ಅವ್ವ ಹೇಳಿದ್ದು ಎಡಕ್ಕೆ. ನಿನ್ನ ನೆನಪು ತಪ್ಪಿರಬೇಕು ಎಂದುಕೊಂಡೆ.

ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ಕೆಂಪು ದೀಪ. ಬಣ್ಣ ಒರೆಸಿದ ನೆಗೆಟಿವಿನಿಂದ ಫೋಟೋ ಹಾಳೆಗೆ ಬೆಳಕು ಕೊಟ್ಟು, ಅದನ್ನು ಔಷಧದಲ್ಲಿ ಅಲುಗಿಸಿದೆ. ಮೊದಲು ಕೂದಲು ಮೂಡಿತು, ಆಮೇಲೆ ಎರಡು ಜೊತೆ ಕಣ್ಣು, ಆಮೇಲೆ ಮುಖಗಳು. ಎಡಗಡೆಯವಳು ನಾವು ಇಷ್ಟು ವರ್ಷ ಪೂಜಿಸಿದ ಹುಡುಗಿ. ಗಾಜಿಲ್ಲ, ಹಾರವಿಲ್ಲ, ಕುಂಕುಮವಿಲ್ಲ. ಅವಳ ಎಡ ಹುಬ್ಬು ನಡುವೆ ಸೀಳಿತ್ತು.

ಅಣ್ಣ, ಒರಳಿನ ಮೇಲೆ ಬಿದ್ದು ನನಗಾದ ಗಾಯ ಅದು. ಅರಿಶಿನ ಒತ್ತಿದವನು ನೀನು. ನಮ್ಮಿಬ್ಬರಲ್ಲಿ ಯಾರು ಯಾರೆಂದು ತಿಳಿಯಲು ಅವ್ವನಿಗೂ ಅದೊಂದೇ ಗುರುತು.

ಬಣ್ಣದ ಕೆಳಗಿನಿಂದ ಎದ್ದು ಬಂದವಳಿಗೆ ಎರಡೂ ಹುಬ್ಬು ನೆಟ್ಟಗಿದ್ದವು. ಅವಳ ಕೈ ನನ್ನ ಭುಜದ ಮೇಲಿತ್ತು. ಹಾಳೆ ನೀರಿನಲ್ಲಿ ಅಲುಗಿದಂತೆ ಆ ಬೆರಳುಗಳೂ ಅಲುಗಿದವು. ಆ ತಣ್ಣನೆಯ ಕೋಣೆಯಲ್ಲಿ ನನ್ನ ಒಂದು ಭುಜ ಮಾತ್ರ ಬೆಚ್ಚಗಿತ್ತು. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

“ಸ್ಟುಡಿಯೋದಾಂವ ಮಬ್ಬು ಬದಿ ಮ್ಯಾಲ ಮಾಡಿ ಬಣ್ಣ ಹಚ್ಯಾನ. ಎಡಕ್ಕಿದ್ದಾಕಿ ಅಂದ್ರ ಅಂವಗ ಬಲಕ್ಕಿದ್ದಾಕಿ ಆಗ್ಯಾಳ” ಎಂದರು ಜಟ್ಟೆಪ್ಪ. ಆಮೇಲೆ ನನ್ನ ಹುಬ್ಬು ನೋಡಿದರು, ಹಾಳೆ ನೋಡಿದರು, ಹೊರಗೆ ಹೋದರು.

ನಲವತ್ತೆರಡು ವರ್ಷ ನಾವು ಹಾರ ಹಾಕಿದ್ದು ನನಗೆ. ಮದುವೆಯ ದಿನ ಬಾಸಿಂಗ ಕಟ್ಟಿಕೊಂಡು ನಾನು ಕೈಮುಗಿದದ್ದು ನನಗೇ.

ಅವ್ವನಿಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡ. “ಅವ್ವಾ, ಫೋಟೋದಾಗ ಹಣಿ ಬಿಟ್ಟು ಹುಬ್ಬಿಗೆ ಯಾಕ ಕುಂಕುಮ ಹಚ್ತಿ? ಕಣ್ಣು ಕಾಣೂದಿಲ್ಲೇನ?” ಎಂದು ನೀನೇ ಅವಳನ್ನು ಕಾಡುತ್ತಿದ್ದೆ. ಆಗ ಅವಳ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ದಿನವೂ ಬೆಳಿಗ್ಗೆ ಸರಿಯಾಗಿ ಎಡ ಹುಬ್ಬಿನ ಮೇಲೆಯೇ ಹಚ್ಚುತ್ತಿದ್ದಳು. ಆ ಸೀಳನ್ನು ಮುಚ್ಚಿದರೆ ಆ ಮುಖ ದೀಪಾಳದೇ ಆಗುತ್ತಿತ್ತು.

ಇದರೊಂದಿಗೆ ಹೊಸ ಫೋಟೋ ಇಟ್ಟಿದ್ದೇನೆ. ದೀಪಾ ಒಬ್ಬಳನ್ನೇ ಉಳಿಸಬೇಕೆಂದರೆ ಅವಳ ಕೈ ಕತ್ತರಿಸಬೇಕಿತ್ತು. ನನ್ನಿಂದ ಆಗಲಿಲ್ಲ. ಇಬ್ಬರೂ ಇದ್ದೇವೆ. ಹಾರ ಬೇಡ, ಅವಳ ಬದಿಗೆ ಒಂದು ಹೂ ಇಡು. ನಾನು ಊರಿಗೆ ಬರುವ ಮೊದಲು ಹಳೆಯದನ್ನು ಗೋಡೆಯಿಂದ ಇಳಿಸು.

ವೈನಿಗೆ ನಮಸ್ಕಾರ. ಪ್ರಣವನಿಗೆ ಅತ್ತೆಯ ಆಶೀರ್ವಾದ, ಅವನ ಹುಬ್ಬಿಗೊಂದು ಮುತ್ತು.

ನಿನ್ನ ತಂಗಿ,
ನೀಲಿಮಾ

ತಾ.ಕ.: ಅವ್ವ ನನ್ನ ಕೈ ಹಿಡಿದುಕೊಂಡೇ ಹೋದಳು ಎಂದು ಆಸ್ಪತ್ರೆಯ ಹೊರಗೆ ನಿನಗೆ ಹೇಳಿದ್ದೆ. ಅದು ಸುಳ್ಳು. ಕೊನೆಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. “ದೀಪಾ, ಬಂದ್ಯಾ?” ಎಂದಳು. ನಾನು “ಹೂಂ ಅವ್ವಾ” ಎಂದೆ. ನಗುತ್ತಾ ನನ್ನ ಮುಖ ಸವರಿದಳು, ಗಲ್ಲ, ಮೂಗು, ಹಣೆ. ಎಡ ಹುಬ್ಬಿಗೆ ಬಂದಾಗ ಬೆರಳು ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.