ಬೇಸಿಗೆಯಲ್ಲಿ ಸೋರದ ದಂಡೆ

ಜುಲೈ ೧೪, ಸೋಮವಾರ

ನೆರೆದ ಮಹಾಜನರೇ, ಕೇಳಿರಿ! ಕೋಣೆಯಲ್ಲಿ ಫ್ಯಾನಿನ ಹೊರತು ಯಾರೂ ಇಲ್ಲ, ಇರಲಿ. ನೆರೆ ತಡೆಯಲು ಕಟ್ಟಿದ ಮಣ್ಣಿನ ನದಿದಂಡೆಗಳ ಸುರಕ್ಷತೆಗೆ ದೇಶವಿಡೀ ಒಂದೇ ಮಾರ್ಗಸೂಚಿಯಂತೆ. ಕರಡನ್ನು ಪರಿಶೀಲಿಸುವ ತಜ್ಞರಲ್ಲಿ ನಾನೂ ಒಬ್ಬ. ದಂಡೆಯನ್ನು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ನೋಡಿದರೆ ಸಾಕೆಂದು ಅದರಲ್ಲಿ ಬರೆದಿದ್ದಾರೆ. ಏಡಿ ಕೊರೆದ ಬಿಲ ಮೇ ತಿಂಗಳಲ್ಲಿ ಸೋರುತ್ತದೆಯೇ? ನೇತ್ರಾವತಿ ತುಂಬಿ ಒತ್ತಿದಾಗಲೇ ಸೋರುವುದು. ದಂಡೆಯ ಬುಡದಲ್ಲೇ ತಂಗಿ ಶುಭಶ್ರೀಯ ಮನೆ. ಅವಳ ಅಂಗಳ ನಿನ್ನೆಯಿಂದ ಒಸರುತ್ತಿದೆ.

"ಸಹಿ ಹಾಕಿ ಮಾರಾಯ್ರೆ, ಮಳೆಗಾಲದ್ದು ಮತ್ತೆ ನೋಡುವ. ಇದೇನು ನಿಮ್ಮ ನಾಟಕವಾ?" ಎಂದರು ಜೊತೆಯ ತಜ್ಞ ಹರಿಪ್ರಸಾದ್, ಇವತ್ತು ಮಧ್ಯಾಹ್ನದ ಸಭೆಯಲ್ಲಿ.

"ಹೌದು, ಖಳನ ಪಾತ್ರ ನಿಮ್ಮದು!" ಎಂದೆ. ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ.

ನಾಳೆ ಬೆಳಿಗ್ಗೆ ಆ ಮಹಾಶಯರನ್ನು ಶುಭಶ್ರೀಯ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಿಸುತ್ತೇನೆ. ಪಾದದಡಿಯಿಂದ ನೀರು ಉಕ್ಕುವಾಗ ಪೆನ್ನು ನಾನೇ ಕೊಡುತ್ತೇನೆ, ಧೈರ್ಯವಿದ್ದರೆ ಅವರೇ ಸಹಿ ಹಾಕಲಿ.