ಗ್ರೂಪಿನಲ್ಲಿ ಸಿಕ್ಕ ಒಪ್ಪಿಗೆ

ಆಳಂದ
ಗುರುವಾರ

ತಮ್ಮ ಕಲ್ಯಾಣಕುಮಾರನಿಗೆ,

ನಿಮ್ಮೆಲ್ಲರ ಆರೋಗ್ಯ ವಿಚಾರಿಸಲು ಇವತ್ತು ನನಗೆ ಮನಸ್ಸಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯೆಂದು ಬರೆಯುತ್ತಿದ್ದೇನೆ.

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನೀನು ಹುಡುಗನ ಫೋಟೊ ಹಾಕಿ, ‘ನಮ್ಮ ಭಾಗ್ಯವಂತಿಗೆ ಈ ಸಂಬಂಧ ಗೊತ್ತು ಮಾಡಬೇಕಂತೀನಿ’ ಎಂದು ಬರೆದದ್ದನ್ನು ನಾನು ಓದಿರಲಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತಾ, ನೀವು ಹಾಕುವ ಹೂವು, ಅಡುಗೆ, ನಗೆ ವಿಡಿಯೊಗಳಿಗೆಲ್ಲ ಒಂದೇ ಸಮನೆ ಹೆಬ್ಬೆಟ್ಟಿನ ಗುರುತು ಒತ್ತುತ್ತೇನೆ. ಅಕ್ಕ ನಿಮ್ಮನ್ನು ಮರೆತಿಲ್ಲ ಎಂದು ತಿಳಿಯಲಿ ಎಂದಷ್ಟೇ. ಆ ಫೋಟೊಗೂ ಹಾಗೇ ಒತ್ತಿದೆ. ಅದನ್ನು ನೀನು ಸೋದರತ್ತೆಯ ಒಪ್ಪಿಗೆಯೆಂದು ಹಿಡಿದು ಹುಡುಗನ ಮನೆಯವರಿಗೆ ಮಾತು ಕೊಟ್ಟೆ.

ನನ್ನ ಸಂಬಂಧ ಗೊತ್ತು ಮಾಡುವ ಮುಂಚೆ ಅಪ್ಪ ತಮ್ಮ ಅಕ್ಕನನ್ನು ಕೇಳಲು ಎರಡು ಸಲ ಅಫಜಲಪುರಕ್ಕೆ ಹೋಗಿದ್ದರು. ನಿನ್ನ ಜೇವರ್ಗಿಯಿಂದ ಆಳಂದಕ್ಕೂ ದಾರಿಯಿದೆ.

ನಿನ್ನೆ ಭಾಗ್ಯವಂತಿ ಕಡಗಂಚಿಯ ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ನೇರ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, “ನಂಗ ಬ್ಯಾಡಂದ್ರ ಅಪ್ಪ ನಿಮ್ಮ ಹೆಸರು ಹೇಳ್ತಾನ. ಇಷ್ಟೆಲ್ಲಾ ಪುಸ್ತಕ ಓದಿ ನೀವೂ ಹೆಬ್ಬೆಟ್ಟು ಒತ್ತೀರಲ್ರಿ ಅತ್ತಿ” ಅಂದಳು.

ನನ್ನ ತಪ್ಪನ್ನು ಅವಳ ಮುಂದೆ ಒಪ್ಪಿಕೊಂಡಿದ್ದೇನೆ. ನಿನ್ನದು ನಿನಗೆ ಬಿಟ್ಟದ್ದು. ಇದು ಮುಟ್ಟಿದ ದಿನವೇ ಹುಡುಗನ ಮನೆಗೆ ಹೋಗಿ, ಮಾತು ಮುರಿದೆ ಎಂದು ಹೇಳು. ಅವರು ಬೈದರೆ ಬೈಸಿಕೊ. ಎಂ.ಎ. ಪರೀಕ್ಷೆ ಮುಗಿಯುವವರೆಗೆ ಭಾಗ್ಯವಂತಿ ನನ್ನ ಮನೆಯಲ್ಲೇ ಇರುತ್ತಾಳೆ. ಅವಳ ಬಟ್ಟೆಗಳನ್ನು ಕಳಿಸು.

ನೀನೂ ಬರಬಹುದು. ಮಗಳನ್ನು ಕೇಳುವುದಕ್ಕೆ ಬಾ, ಒಪ್ಪಿಸುವುದಕ್ಕೆ ಬರಬೇಡ.

ನಿನ್ನ ಅಕ್ಕ,
ನಾಗರತ್ನಾ